ಗುಡ್ಡ ಹತ್ತಿದರಷ್ಟೇ ನೆಟ್‌ವರ್ಕ್: ಪಿಯುಸಿ ಮಗಳಿಗೆ ಯಾವ ಆಪ್, ಯಾರ ಕೈಲಿ ಪಾಸ್‌ವರ್ಡ್?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿನ ಹತ್ತಿರ ಒಂದು ಹಳ್ಳಿ. ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದಳು. ಈಗ ಪ್ರಥಮ ಪಿಯುಸಿ ವಿಜ್ಞಾನ, ಪಾಠ ಎಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿದರೆ ಸಿಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಇರುವುದು ನಮ್ಮ ಮನೆಯವರ ಒಂದೇ ಫೋನ್. ಮೊನ್ನೆ ಒಂದು ಕಂಪನಿಯವರು ಮನೆಗೇ ಬಂದು, ಟ್ಯಾಬ್ ಸಮೇತ ಆನ್‌ಲೈನ್ ಕೋರ್ಸ್ ಕೊಡುತ್ತೇವೆ, ತಿಂಗಳ ಕಂತು ಕಟ್ಟಿದರೆ ಸಾಕು, ಇಲ್ಲದಿದ್ದರೆ ಸಿಇಟಿಯಲ್ಲಿ ಪೇಟೆ ಮಕ್ಕಳ ಎದುರು ನಿಲ್ಲೋಕೆ ಆಗಲ್ಲ ಎಂದು ಹೇಳಿಹೋದರು. ಮಗಳು ಲೆಕ್ಕಗಳ ಫೋಟೋ ತೆಗೆದು ಎಐಗೆ ಹಾಕಿ, ಬಂದ ಉತ್ತರ ಬರೆದುಕೊಳ್ಳುತ್ತಾಳೆ. ಬೈದರೆ "ಎಲ್ಲರೂ ಹಾಗೇ ಮಾಡೋದು ಅಮ್ಮ" ಅನ್ನುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿಯನ್ನು ಪೇಟೆಯ ಸೈಬರ್ ಸೆಂಟರಿನವರು ಹಾಕಿಕೊಟ್ಟಿದ್ದು. ಪಾಸ್‌ವರ್ಡ್ ಅವರ ಹತ್ತಿರವೇ ಇದೆ, ದುಡ್ಡು ಇನ್ನೂ ಬಂದಿಲ್ಲ. ಟ್ಯಾಬ್ ತಗೊಳ್ಳಬೇಕಾ, ಲ್ಯಾಪ್‌ಟಾಪ್ ತಗೊಳ್ಳಬೇಕಾ, ಎಐ ಬಿಡಿಸಬೇಕಾ? ಎಲ್ಲರೂ ಒಂದೊಂದು ಹೇಳುತ್ತಾರೆ. ನನಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಉತ್ತರ: ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ಆದರೆ ಚಿಂತಿಸಬೇಕಾದ ಜಾಗಗಳನ್ನು ಸರಿಯಾಗಿಯೇ ಹಿಡಿದಿದ್ದೀರಿ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಈಗ ಶಿವಮೊಗ್ಗ ಜಿಲ್ಲೆಯ ಶಿಕ್ಷಕರಿಗೂ ಮಕ್ಕಳಿಗೂ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಯ ತರಬೇತಿ ಕೊಡುವ ನನಗೆ ಇದೇ ಪ್ರಶ್ನೆ ತೀರ್ಥಹಳ್ಳಿಯಲ್ಲೂ ಸಾಗರದಲ್ಲೂ ಕಿವಿಗೆ ಬೀಳುತ್ತದೆ. ಕೇಳುವವರೆಲ್ಲ ಯಾವ ಆಪ್ ಒಳ್ಳೆಯದು ಎಂದು ಶುರುಮಾಡುತ್ತಾರೆ. ನಿಮ್ಮ ಪತ್ರದಲ್ಲಿ ಅದಕ್ಕಿಂತ ಮುಖ್ಯವಾದದ್ದು ಇದೆ. ಟ್ಯಾಬ್ ಮಾರಲು ಬಂದವರು, ಎಐ, ಸೈಬರ್ ಸೆಂಟರ್ ಮೂರೂ ಬೇರೆ ಬೇರೆ ತಲೆನೋವಿನಂತೆ ಕಂಡರೂ, ಮೂರರಲ್ಲೂ ನಿಮ್ಮ ಮಗಳು ತಾನೇ ಮಾಡಲು ಕಲಿಯಬೇಕಾದ ಒಂದು ಕೆಲಸವನ್ನು ಮತ್ತೊಬ್ಬರು ಮಾಡಿಕೊಡುತ್ತಿದ್ದಾರೆ, ಅಥವಾ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಏನು ಓದಬೇಕು ಎಂದು ಕಂಪನಿ ತೀರ್ಮಾನಿಸುತ್ತದೆ, ಲೆಕ್ಕವನ್ನು ಎಐ ಬಿಡಿಸುತ್ತದೆ, ಅವಳ ಹೆಸರಿನ ಖಾತೆಯನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ. ನಾನು ಹೇಳುವುದೆಲ್ಲ ಆ ಕೆಲಸಗಳನ್ನು ಒಂದೊಂದಾಗಿ ಅವಳ ಕೈಗೆ ವಾಪಸ್ ತರುವ ಬಗ್ಗೆ.

ಸ್ಕಾಲರ್‌ಶಿಪ್ಪಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೊನೆಯ ದಿನಾಂಕದ ಭಯ ಇರುವುದು ಅದಕ್ಕೆ ಮಾತ್ರ.

ಸೈಬರ್ ಸೆಂಟರಿನವರು ಪಾಸ್‌ವರ್ಡ್ ಇಟ್ಟುಕೊಂಡಿದ್ದಾರೆ ಎಂದಮಾತ್ರಕ್ಕೆ ದುಡ್ಡು ಅವರು ಹೊಡೆದರು ಎಂದು ಅನುಮಾನಿಸಬೇಡಿ. ಅರ್ಜಿ ಹಾಕಲು ಬರುವವರಿಗೆ ಇಮೇಲ್ ಇರುವುದಿಲ್ಲ, ಮಾಡಿಕೊಟ್ಟ ಪಾಸ್‌ವರ್ಡನ್ನು ಮುಂದಿನ ವರ್ಷಕ್ಕೆ ಮರೆತಿರುತ್ತಾರೆ. ಅದಕ್ಕೇ ಬಹಳ ಅಂಗಡಿಯವರು ತಾವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಣ ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆಗೇ ನೇರ ಹೋಗುತ್ತದೆ. ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಯಾರೂ ಅದನ್ನು ತಮ್ಮ ಖಾತೆಗೆ ತಿರುಗಿಸಿಕೊಳ್ಳಲಾಗದು. ನಿಜವಾದ ಅಪಾಯ ಬೇರೆ ಕಡೆ ಇದೆ. ಅರ್ಜಿಯಲ್ಲಿ ಅವರ ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ "ನಿಮ್ಮ ದಾಖಲೆ ತಿರಸ್ಕೃತವಾಗಿದೆ, ಸರಿಪಡಿಸಿ" ಎಂಬ ಸಂದೇಶ ಅವರ ಫೋನಿಗೆ ಬಂದು, ನೂರಾರು ಸಂದೇಶಗಳ ನಡುವೆ ಕಳೆದುಹೋಗುತ್ತದೆ. ಮುಂದೆ ಸಿಇಟಿ ಬರೆದು, ಅದನ್ನು ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಕಾಲೇಜುಗಳ ಆಯ್ಕೆಪಟ್ಟಿ ತುಂಬುವಾಗ ಇದೇ ಅಭ್ಯಾಸ ಇದ್ದರೆ ಪೆಟ್ಟು ದೊಡ್ಡದು. ರ‍್ಯಾಂಕಿನ ಜೊತೆ ಆ ಪಟ್ಟಿಯ ಕ್ರಮವನ್ನೂ ನೋಡಿಯೇ ಸೀಟು ಹಂಚಿಕೆಯಾಗುವುದು.

ಹಣ ಬಾರದಿರಲು ನಾನು ಹೆಚ್ಚಾಗಿ ಕಂಡ ಕಾರಣ ಬ್ಯಾಂಕಿನದು. ಪಾಸ್‌ಬುಕ್ ಮಾಡಿಸುವಾಗ ಆಧಾರ್ ಜೆರಾಕ್ಸ್ ಕೊಟ್ಟಿರುತ್ತೇವೆ, ಲಿಂಕ್ ಆಗಿದೆ ಎಂದುಕೊಳ್ಳುತ್ತೇವೆ. ಗುರುತಿಗಾಗಿ ಆಧಾರ್ ಪಡೆಯುವುದು ಬೇರೆ, ಸರ್ಕಾರದ ನೇರ ನಗದು ಈ ಖಾತೆಗೇ ಬರಲಿ ಎಂದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಜೋಡಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಹೀಗೆ ಜೋಡಣೆಯಾಗಿರುತ್ತದೆ, ಕೊನೆಯಲ್ಲಿ ಜೋಡಿಸಿದ್ದೇ ಊರ್ಜಿತ. ಮಗಳ ಹೆಸರಿನಲ್ಲಿ ನಡುವೆ ಎಲ್ಲೋ ಇನ್ನೊಂದು ಖಾತೆ ತೆರೆದಿದ್ದರೆ ದುಡ್ಡು ಅಲ್ಲಿಗೆ ಹೋಗಿ ಕೂತಿರಬಹುದು, ಅದನ್ನೂ ನೋಡಿ. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಮೈಆಧಾರ್ ತಾಣದಲ್ಲಿ ಕಾಣುತ್ತದೆ. ಎರಡನೇ ಕಾರಣ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಅಥವಾ ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಿದ್ದರೂ, ಆದಾಯ ಪತ್ರದ ಅವಧಿ ಮುಗಿದಿದ್ದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಕಾಲೇಜಿನ ಕಚೇರಿಯಲ್ಲಿ ಪರಿಶೀಲನೆ ಬಾಕಿ ಇರುವುದೂ ಉಂಟು. ಹಾಗಾಗಿ ಸೈಬರ್ ಸೆಂಟರಿಗೆ ಹೋಗುವ ಮೊದಲು ಬ್ಯಾಂಕು, ಆಮೇಲೆ ಕಾಲೇಜಿನ ಕಚೇರಿ.

ಅದಾದ ಮೇಲೆ ಸೈಬರ್ ಸೆಂಟರಿಗೆ ಮಗಳನ್ನೂ ಕರೆದುಕೊಂಡು ಹೋಗಿ. ಜಗಳ ಬೇಡ, ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಅವರಿಗೆ ಧನ್ಯವಾದವನ್ನೇ ಹೇಳಿ. ಅಲ್ಲೇ ಕೂತು ಮಗಳ ಹೆಸರಿನಲ್ಲಿ ಇಮೇಲ್ ತೆರೆಯಲಿ, ಮೊದಲೇ ಒಂದು ಮಾಡಿದ್ದರೆ ಅದರ ಪಾಸ್‌ವರ್ಡ್ ಬದಲಿಸಲಿ, ಮರುಪಡೆಯುವ ಸಂಖ್ಯೆಯಾಗಿ ಮನೆಯ ಮೊಬೈಲ್ ಹಾಕಲಿ. ಎಸ್‌ಎಸ್‌ಪಿ ಪಾಸ್‌ವರ್ಡನ್ನೂ ಬದಲಿಸಲಿ. ಹೊಸ ಪಾಸ್‌ವರ್ಡ್ ಟೈಪ್ ಮಾಡುವುದು ಅವಳೇ ಆಗಿರಲಿ. ಬರೆದಿಡುವುದು ತಪ್ಪೇನಲ್ಲ. ಮನೆಯ ಬೀರುವಿನಲ್ಲಿ, ಆಸ್ತಿ ಪತ್ರದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಪಾಸ್‌ವರ್ಡ್, ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡ ಪಾಸ್‌ವರ್ಡಿಗಿಂತ ಸುರಕ್ಷಿತ. ಆಧಾರ್‌ಗೆ ಯಾವ ಮೊಬೈಲ್ ಸಂಖ್ಯೆ ಜೋಡಿಸಿದೆ ಎಂದೂ ನೋಡಿಕೊಳ್ಳಿ. ಅದು ಹಳೆಯ, ರೀಚಾರ್ಜ್ ಇಲ್ಲದೆ ಸತ್ತ ಸಿಮ್ಮಿನದಾಗಿದ್ದರೆ ಆಧಾರ್ ಕೇಂದ್ರದಲ್ಲಿ ಬದಲಿಸಿಕೊಳ್ಳುವುದು ಮೊದಲ ಕೆಲಸ, ಮೇಲೆ ಹೇಳಿದ ಕೆಲವು ಕೆಲಸಗಳಿಗೆ ಆ ಸಂಖ್ಯೆಗೆ ಬರುವ ಒಟಿಪಿಯೇ ಬೇಕು.

ಒಟಿಪಿ ಎಂದಾಗ ನಮ್ಮ ಕಡೆಯ ಒಂದು ಕಷ್ಟ ಹೇಳಲೇಬೇಕು. ಬೆಂಗಳೂರಿನಲ್ಲಿ ಕೂತು ಈ ವ್ಯವಸ್ಥೆ ರೂಪಿಸುವವರು ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇದೆ ಎಂದೇ ಭಾವಿಸುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಫೈಬರ್ ಎಳೆಸಿ ವೈಫೈ ಇದೆ, ಮೊಬೈಲಿಗೆ ಸಿಗ್ನಲ್ ಮಾತ್ರ ಒಂದು ಗೀಟೂ ಇಲ್ಲ. ಲಾಗಿನ್ ಪುಟ ಮನೆಯಲ್ಲಿ ತೆರೆಯುತ್ತದೆ, ಒಟಿಪಿ ಗುಡ್ಡದ ಮೇಲೆ ಬರುತ್ತದೆ, ಹತ್ತಿ ಇಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇದಕ್ಕೆ ಉಪಾಯಗಳಿವೆ. ಅಕ್ಕಪಕ್ಕದಲ್ಲಿ ಯಾರದಾದರೂ ವೈಫೈ ಸಿಗುವುದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಬಹಳ ಫೋನುಗಳಲ್ಲಿ ಕರೆಯೊಂದಿಗೆ ಎಸ್ಸೆಮ್ಮೆಸ್ಸೂ ಅದರ ಮೂಲಕ ಬರುತ್ತದೆ. ಜೀಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆ ಇನ್ನೊಂದು ಸಂಕೇತವನ್ನೂ ಕೇಳುವುದು) ಹಾಕಿದಾಗ ಗೂಗಲ್ ಹತ್ತು ಬ್ಯಾಕಪ್ ಸಂಕೇತಗಳನ್ನು ಕೊಡುತ್ತದೆ, ಪ್ರತಿಯೊಂದೂ ಎಂಟು ಅಂಕಿಗಳದ್ದು, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಅವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎಸ್ಸೆಮ್ಮೆಸ್ ಬಾರದ ಜಾಗದಲ್ಲೂ ಖಾತೆ ತೆರೆಯುತ್ತದೆ. ಅಥೆಂಟಿಕೇಟರ್ ಆಪ್ ಹಾಕಿಕೊಂಡರೆ ಅದು ಸಂಕೇತವನ್ನು ಫೋನಿನಲ್ಲೇ ತಯಾರಿಸುತ್ತದೆ, ಸಿಗ್ನಲ್ ಬೇಡವೇ ಬೇಡ. ಸರ್ಕಾರಿ ಪೋರ್ಟಲ್‌ಗಳಿಗೆ ಈ ಅನುಕೂಲ ಹೆಚ್ಚಾಗಿ ಇಲ್ಲ. ಅಂಥ ಕೆಲಸಗಳನ್ನು ಒಟ್ಟುಮಾಡಿ, ಪೇಟೆಗೆ ಹೋದ ದಿನ ಮಾಡಿಕೊಳ್ಳುವುದೇ ಸರಿ.

ಡಿಜಿಲಾಕರ್ ಖಾತೆಯನ್ನೂ ಅದೇ ದಿನ ತೆರೆಯಿಸಿ. 2015ರಿಂದ ಇರುವ ಈ ಕೇಂದ್ರ ಸರ್ಕಾರಿ ಸೇವೆಯಲ್ಲಿ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೇರ ಮಂಡಳಿಯಿಂದಲೇ ಸಿಗುತ್ತದೆ. ಹೀಗೆ ಸಂಸ್ಥೆಯೇ ಕೊಟ್ಟ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ. ನಾವೇ ಫೋಟೋ ತೆಗೆದು ಅದರಲ್ಲಿ ಏರಿಸಿದ ಕಾಗದಕ್ಕೆ ಆ ಬೆಲೆ ಇಲ್ಲ, ಈ ವ್ಯತ್ಯಾಸ ಮಕ್ಕಳಿಗೆ ತಿಳಿದಿರುವುದಿಲ್ಲ.

ಈಗ ಮನೆ ಬಾಗಿಲಿಗೆ ಬಂದ ಟ್ಯಾಬ್.

ಹಣ ಕೊಟ್ಟು ಕಲಿಯುವ ಆಪ್‌ಗಳೆಲ್ಲ ಮೋಸ ಎಂಬುದು ಸುಳ್ಳು. ಕೆಲವದರಲ್ಲಿ ಒಳ್ಳೆಯ ಪಾಠಗಳಿವೆ. ಅದಿಲ್ಲದಿದ್ದರೆ ಸಿಇಟಿ ಆಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ನೀವು ಮೊದಲು ಕೇಳಬೇಕಾದ್ದು ಬೇರೆ: ಈ ಪಾಠಗಳು ನೆಟ್ ಇಲ್ಲದೆ ನಡೆಯುತ್ತವೆಯೇ? ನೇರ ಪ್ರಸಾರದ ತರಗತಿಯಾದರೆ ನಿಮ್ಮ ಮನೆಯಲ್ಲಿ ಅದು ನಡೆಯುವುದೇ ಇಲ್ಲ. ಮೆಮೊರಿ ಕಾರ್ಡಿನಲ್ಲಿ ತುಂಬಿಕೊಡುತ್ತೇವೆ ಎಂದರೆ, ಬಂದವರ ಫೋನಿನಲ್ಲಿ ಫ್ಲೈಟ್ ಮೋಡ್ ಹಾಕಿಸಿ, ನಿಮ್ಮ ಜಗಲಿಯಲ್ಲೇ ಒಂದು ಪೂರ್ತಿ ಪಾಠ ಮತ್ತು ಒಂದು ಪರೀಕ್ಷೆ ತೋರಿಸಿ ಎನ್ನಿ. ಅಲ್ಲಿಗೇ ಅರ್ಧ ತೀರ್ಮಾನವಾಗುತ್ತದೆ.

ಇನ್ನರ್ಧ ಆ ಕಂತಿನಲ್ಲಿದೆ. ತಿಂಗಳ ಕಂತು ಎಂದು ಅವರು ಹೇಳುವುದು ಬಹಳ ಸಲ ಶುಲ್ಕದ ಕಂತಲ್ಲ. ಯಾವುದೋ ಹಣಕಾಸು ಸಂಸ್ಥೆ ನಿಮ್ಮ ಯಜಮಾನರ ಹೆಸರಿನಲ್ಲಿ ಪೂರ್ತಿ ಮೊತ್ತವನ್ನು ಸಾಲವಾಗಿ ಕಂಪನಿಗೆ ಕೊಟ್ಟುಬಿಟ್ಟಿರುತ್ತದೆ, ನೀವು ಕಟ್ಟುವುದು ಆ ಸಾಲದ ಕಂತು. ಎರಡು ತಿಂಗಳಲ್ಲಿ ಮಗಳು ಪಾಠ ನೋಡುವುದನ್ನು ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ನಾಳೆ ತೋಟಕ್ಕೋ ಮನೆಗೋ ಸಾಲ ಕೇಳಲು ಹೋದಾಗ ಅದು ಸಾಲ ಮರುಪಾವತಿಯ ದಾಖಲೆಯಾದ ಸಿಬಿಲ್‌ನಲ್ಲಿ ಕಾಣುತ್ತದೆ. ಇಂಥ ದೂರುಗಳು ಹೆಚ್ಚಿದ್ದರಿಂದಲೇ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್ 23ರಂದು ಪೋಷಕರಿಗೆ ಎಚ್ಚರಿಕೆಯ ಸೂಚನೆ ಹೊರಡಿಸಿತ್ತು. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆಯನ್ನು ಕೊಡದಿರಿ ಎಂಬುದು ಅದರಲ್ಲಿನ ಮುಖ್ಯ ಮಾತು. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ ಸಾಲದ ಒಟ್ಟು ವೆಚ್ಚ ತೋರಿಸುವ ಒಂದು ಹಾಳೆಯನ್ನು ಮೊದಲೇ ಕೊಡಬೇಕು, ದಂಡವಿಲ್ಲದೆ ಸಾಲದಿಂದ ಹಿಂದೆ ಸರಿಯಲು ಒಂದು ಅವಧಿಯನ್ನೂ ಇಡಬೇಕು. ಬಂದವರಿಗೆ ಆ ಹಾಳೆ ತೋರಿಸಿ ಎನ್ನಿ. ಅವರ ಟ್ಯಾಬ್ ಅಥವಾ ಫೋನಿನಲ್ಲಿ "ಹೆಸರು ನೋಂದಾಯಿಸಲು ಮಾತ್ರ" ಎಂದು ಕೇಳಿದರೂ ಒಟಿಪಿ ಹೇಳಬೇಡಿ. ಎಷ್ಟೋ ಮನೆಗಳಲ್ಲಿ ಸಾಲಕ್ಕೆ ಸಹಿ ಆದದ್ದು ಆ ಒಟಿಪಿಯಿಂದಲೇ.

ಕಂಪನಿ ಮಾರುವ ಪಠ್ಯದ ಬುಡ ಯಾವುದು ಎಂದು ತಿಳಿದರೆ ಧೈರ್ಯ ಬರುತ್ತದೆ. ನಮ್ಮ ಪಿಯು ವಿಜ್ಞಾನದ ಪುಸ್ತಕಗಳು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯವು. ಅವು ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಅಧ್ಯಾಯವಾರು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಎಕ್ಸೆಂಪ್ಲಾರ್ ಎಂಬ ಹೆಚ್ಚುವರಿ ಸಮಸ್ಯೆಗಳ ಪುಸ್ತಕವೂ ಅಲ್ಲೇ ಇದೆ, ಉತ್ತರ ಸಮೇತ. ಸ್ಪರ್ಧಾತ್ಮಕ ಪರೀಕ್ಷೆಗೆ ನಾನು ಮಕ್ಕಳ ಕೈಗೆ ಮೊದಲು ಕೊಡುವುದು ಅದನ್ನೇ. ಮಾದರಿ ಪ್ರಶ್ನೆಪತ್ರಿಕೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ತಾಣದಲ್ಲಿವೆ, ಹಳೆಯ ಸಿಇಟಿ ಪತ್ರಿಕೆಗಳು ಕೆಇಎ ತಾಣದಲ್ಲಿ. ಜೆಇಇ, ನೀಟ್‌ಗೆ ಐಐಟಿ ಕಾನ್ಪುರ ನಡೆಸುವ ಸಾಥಿ ಎಂಬ ಉಚಿತ ವೇದಿಕೆ 2023ರಿಂದ ಇದೆ. ಇವಿಷ್ಟನ್ನು ಒಂದು ಮಧ್ಯಾಹ್ನ ಕೂತು ಇಳಿಸಿಕೊಂಡರೆ ವರ್ಷವಿಡೀ ನೆಟ್ ಇಲ್ಲದೆ ಓದಬಹುದು.

ಇಳಿಸಿಕೊಳ್ಳುವುದು ಎಲ್ಲಿ? ಗುಡ್ಡದ ಮೇಲೆ ಕೊಡೆ ಹಿಡಿದು ಕೂರುವುದು ಬೇಡ. ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯ ಈಗ ಅರಿವು ಕೇಂದ್ರ ಎನಿಸಿಕೊಂಡಿದೆ, ಬಹಳ ಕಡೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಕೊಟ್ಟಿದ್ದಾರೆ. ನಿಮ್ಮೂರಿನದು ಹೇಗಿದೆ ಎಂದು ಹೋಗಿ ನೋಡಿ. ಕಂಪ್ಯೂಟರ್ ಮುಚ್ಚಿಟ್ಟಿದ್ದರೆ ತೆರೆಸಿ ಎಂದು ಪಂಚಾಯ್ತಿಯಲ್ಲಿ ಕೇಳುವ ಹಕ್ಕು ನಿಮಗಿದೆ, ನಾಲ್ಕು ತಾಯಂದಿರು ಒಟ್ಟಿಗೆ ಹೋಗಿ ಕೇಳಿದರೆ ಬಾಗಿಲು ಬೇಗ ತೆರೆಯುತ್ತದೆ. ಅದಾಗದಿದ್ದರೆ ಕಾಲೇಜಿನ ಲ್ಯಾಬ್. ಉಪನ್ಯಾಸಕರನ್ನು ಕೇಳಿದರೆ ಊಟದ ಬಿಡುವಿನಲ್ಲಿ ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಬಿಡುತ್ತಾರೆ.

ಆ ಪೆನ್‌ಡ್ರೈವಿಗೆ ಇನ್ನೇನು ಹಾಕಬಹುದು? ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಪ್ರಯೋಗಗಳ ಸಂಗ್ರಹ ನನಗೆ ಬಹಳ ಪ್ರಿಯ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ್ದು. ಲೋಲಕದ ಉದ್ದ ಬದಲಿಸಿ, ಸ್ಪ್ರಿಂಗಿಗೆ ತೂಕ ನೇತುಹಾಕಿ, ವಿದ್ಯುತ್ ಮಂಡಲ ಜೋಡಿಸಿ ಏನಾಗುತ್ತದೆ ಎಂದು ಪರದೆಯ ಮೇಲೆ ಮಾಡಿ ನೋಡಬಹುದು. ಒಂದೊಂದು ಪ್ರಯೋಗವೂ ಒಂದು ಸಣ್ಣ ಕಡತ, ಒಮ್ಮೆ ಇಳಿಸಿಕೊಂಡರೆ ಬ್ರೌಸರಿನಲ್ಲೇ ನೆಟ್ ಇಲ್ಲದೆ ತೆರೆದುಕೊಳ್ಳುತ್ತದೆ, ಕೆಲವು ಕನ್ನಡದಲ್ಲೂ ಇವೆ. ಸೂತ್ರ ಬಾಯಿಪಾಠ ಮಾಡಿ ಸುಸ್ತಾದ ಮಕ್ಕಳು ಇದರ ಮುಂದೆ ಕೂತು "ಹೌದಾ, ತೂಕ ಹೆಚ್ಚಿಸಿದರೂ ಲೋಲಕದ ಕಾಲ ಬದಲಾಗಲ್ವಾ" ಎಂದು ಕೇಳುವುದನ್ನು ನೋಡಿದ್ದೇನೆ. ಆ ಪ್ರಶ್ನೆ ಹುಟ್ಟಿದ ಮೇಲೆ ಪುಸ್ತಕದ ಪುಟ ಅವರಿಗೆ ಬೇರೆಯಾಗಿಯೇ ಕಾಣುತ್ತದೆ. ಗಣಿತದ ನಕ್ಷೆಗಳಿಗೆ ಜಿಯೋಜೀಬ್ರಾ ಇದೆ, ಇದೂ ಉಚಿತ, ನೆಟ್ ಬೇಡ. ವಿಡಿಯೋ ಬೇಕಿದ್ದರೆ ಯೂಟ್ಯೂಬ್ ಆಪಿನಲ್ಲೇ ಉಳಿಸಿಕೊಳ್ಳಲಿ, 360ರ ಗುಣಮಟ್ಟದಲ್ಲಿ ಕರಿಹಲಗೆಯ ಅಕ್ಷರ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅತಿ ಹೆಚ್ಚಿನ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ ಆ ದಿನದ ಡಾಟಾ ಅಲ್ಲಿಗೇ ಮುಗಿಯಬಹುದು.

ಇಷ್ಟು ಹೇಳಿದರೂ ನಿಮ್ಮ ಮಗಳ ಮೂಲ ಕಷ್ಟ ಇಲ್ಲೆಲ್ಲೂ ಇಲ್ಲ ಎಂದು ನನಗನ್ನಿಸುತ್ತದೆ. ಅವಳು ಎಐಗೆ ಫೋಟೋ ಹಾಕುವುದು ಸೋಮಾರಿತನದಿಂದ ಇರಲಾರದು. ಕನ್ನಡದಲ್ಲಿ ಚೆನ್ನಾಗಿ ಅರ್ಥವಾಗುತ್ತಿದ್ದ ವಿಷಯ ಒಂದೇ ರಜೆಯ ಅಂತರದಲ್ಲಿ ಇಂಗ್ಲಿಷಿಗೆ ಹೋಯಿತು. ಲೆಕ್ಕ ಗೊತ್ತಿದೆ, ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯುತ್ತಿಲ್ಲ. ತರಗತಿಯಲ್ಲಿ ಎದ್ದು ಕೇಳಲು ಸಂಕೋಚ. ಹತ್ತರಲ್ಲಿ ಮೊದಲ ಸಾಲಿನಲ್ಲಿದ್ದ ಮಕ್ಕಳು ಜುಲೈ ಹೊತ್ತಿಗೆ ಕೊನೆಯ ಬೆಂಚಿಗೆ ಸರಿದು ಕೂರುವುದನ್ನು ಪ್ರತಿ ವರ್ಷ ಕಾಣುತ್ತೇನೆ, ಪ್ರತಿ ವರ್ಷವೂ ಸಂಕಟವಾಗುತ್ತದೆ. ದಯವಿಟ್ಟು ಇದಕ್ಕಾಗಿ ಅವಳನ್ನು ಬೈಯಬೇಡಿ.

ಇದಕ್ಕೆ ನಾನು ಹೇಳುವ ಮದ್ದು ಹೊಸ ಆಪ್ ಅಲ್ಲ. ಒಂಬತ್ತು ಮತ್ತು ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳು ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಒಂದೇ ಪಠ್ಯದವು. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎರಡೂ ಪಿಡಿಎಫ್ ಸಿಗುತ್ತವೆ. ಅವಳು ಓದಿ ಮುಗಿಸಿದ ಚಲನೆಯ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ತೆರೆದು, ತನ್ನ ಹಳೆಯ ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆಯೊಂದನ್ನೇ ಹಿಡಿಯಬೇಕಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತವರು ದಸರಾ ರಜೆ ಹೊತ್ತಿಗೆ ಪಿಯು ಪುಸ್ತಕವನ್ನು ಭಯವಿಲ್ಲದೆ ತೆರೆಯುವುದನ್ನು ಕಂಡಿದ್ದೇನೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವನ್ನು ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಪದದ ಅರ್ಥ ನೋಡಬಹುದು. ಸಾಮಾನ್ಯ ಪದಗಳಿಗೆ ಅದು ಸಾಕು, ವಿಜ್ಞಾನದ ಪದಗಳಿಗೆ ನಂಬಬೇಡಿ. ಪಠ್ಯಪುಸ್ತಕ ಜವ ಮತ್ತು ವೇಗ ಎಂದು ಎರಡಾಗಿ ಹೇಳುವುದನ್ನು ಯಂತ್ರಾನುವಾದ ಎರಡಕ್ಕೂ ವೇಗ ಎಂದುಬಿಡಬಹುದು, ಭೌತಶಾಸ್ತ್ರದಲ್ಲಿ ಅವೆರಡೂ ಒಂದಲ್ಲ. ಅದಕ್ಕೆ ಅವಳ ಹಳೆಯ ಪಠ್ಯವೇ ಆಧಾರ.

ಹಾಗಾದರೆ ಎಐ ಬಿಡಿಸಬೇಕೇ? ಬೇಡ. ಬಿಡಿಸಲೂ ಆಗುವುದಿಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಹೊರಬಂದ ಮೇಲೆ ಇಂಥವು ವಾಟ್ಸಾಪಿನ ಒಳಗೂ ಬಂದು ಕೂತಿವೆ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಅವಳು ತಿಳಿದಿರಬೇಕು. ಅಪಾರ ಬರಹಗಳನ್ನು ಅರೆದು ಕುಡಿದಿರುವ ಆ ತಂತ್ರಾಂಶ, ಒಂದು ಪದದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತದೆ. ಪುಸ್ತಕ ತೆರೆದು ನೋಡಿ ಹೇಳುತ್ತಿದೆ ಎಂದು ನಾವು ಭಾವಿಸುತ್ತೇವೆ, ಅದು ಹಾಗೆ ನೋಡಲೇಬೇಕೆಂದಿಲ್ಲ. ಹಾಗಾಗಿ ಸರಿ ಇದ್ದಾಗಲೂ ತಪ್ಪಿದ್ದಾಗಲೂ ಅದೇ ಗಟ್ಟಿ ಧ್ವನಿ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರಹ ಅಂತರ್ಜಾಲದಲ್ಲಿ ಕಡಿಮೆ. ಕನ್ನಡದಲ್ಲಿ ಕೇಳಿದಾಗ, ಅದರಲ್ಲೂ ನಮ್ಮ ಊರಿನ ಸಂಗತಿ ಕೇಳಿದಾಗ, ತಪ್ಪುವ ಸಾಧ್ಯತೆ ಹೆಚ್ಚು.

ಇದನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ, ಮಾಡಿಸುತ್ತೇನೆ. ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ ಎನ್ನುತ್ತೇನೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಎಂಬುದು ಶರಾವತಿ ಸೀಮೆಯ ಮಕ್ಕಳಿಗೆ ಬಾಯಲ್ಲೇ ಇರುತ್ತದೆ. ನಿಮ್ಮ ಮಗಳು ನಗರದ ಕೋಟೆಯ ಬಗ್ಗೆ ಕೇಳಲಿ. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಬಂದದ್ದು, 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟದ್ದು, ಅದೇ ಇಂದಿನ ನಗರವಾದದ್ದು, ಇವೆಲ್ಲ ಅವಳಿಗೆ ಗೊತ್ತಿರುವ ಕಥೆ. ನಾಲ್ಕು ಬಾರಿ ನಾಲ್ಕು ರೀತಿ ಕೇಳಿ, ಎಲ್ಲಿ ಸರಿ, ಎಲ್ಲಿ ಇಲ್ಲದ ಊರು, ಇಲ್ಲದ ಇಸವಿ ಸೇರಿಸಿತು ಎಂದು ಗುರುತು ಹಾಕಲಿ. ತನಗೆ ಗೊತ್ತಿರುವ ವಿಷಯದಲ್ಲಿ ಅದು ಎಡವುವುದನ್ನು ಒಮ್ಮೆ ಕಣ್ಣಾರೆ ಕಂಡ ಮಗು, ಗೊತ್ತಿಲ್ಲದ ವಿಷಯದಲ್ಲಿ ಅದರ ಮಾತನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಭೌತಶಾಸ್ತ್ರದ ಲೆಕ್ಕಗಳನ್ನು ಇವು ಈಗ ಹೆಚ್ಚಾಗಿ ಸರಿಯಾಗಿಯೇ ಬಿಡಿಸುತ್ತವೆ ಎಂಬುದನ್ನೂ ಹೇಳಬೇಕು. ಅಪಾಯ ಅಲ್ಲೇ ಇದೆ. ಬಿಡಿಸಿದ ಲೆಕ್ಕವನ್ನು ಓದಿದಾಗ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಕೊನೆಗಾರ ಸರಸರ ಅಡಿಕೆ ಮರ ಹತ್ತುವುದನ್ನು ಎಷ್ಟು ವರ್ಷ ಕೆಳಗೆ ನಿಂತು ನೋಡಿದರೂ ನಮಗೆ ಮರ ಹತ್ತಲು ಬರುವುದಿಲ್ಲವಲ್ಲ. ಪರೀಕ್ಷಾ ಕೊಠಡಿಯಲ್ಲಿ ಪೆನ್ನು ಹಿಡಿದು ಕೂತಾಗಲೇ ಅದು ಗೊತ್ತಾಗುವುದು.

ಅದಕ್ಕೆ ಮನೆಯಲ್ಲಿ ಒಂದೇ ಕಟ್ಟಳೆ ಇಡಿ. ಮೊದಲು ತನ್ನ ಕೈಯಾರೆ ಹಾಳೆಯ ಮೇಲೆ ಪ್ರಯತ್ನಿಸಬೇಕು, ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಆಮೇಲೆ ಆ ತನ್ನ ಹಾಳೆಯ ಫೋಟೋ ಹಾಕಿ, "ಉತ್ತರ ಹೇಳಬೇಡ, ನಾನು ಯಾವ ಹಂತದಲ್ಲಿ ತಪ್ಪಿದೆ ಎಂದಷ್ಟೇ ಹೇಳು" ಎಂದು ಕೇಳಬೇಕು. "ಈ ಪ್ರಶ್ನೆಯನ್ನು ಸರಳ ಕನ್ನಡದಲ್ಲಿ ವಿವರಿಸು, ಬಿಡಿಸಬೇಡ" ಎಂದು ಕೇಳಿದರೂ ಅದು ಅವಳ ನಿಜವಾದ ಕಷ್ಟಕ್ಕೇ ಉತ್ತರ ಕೊಡುತ್ತದೆ. ಬಂದ ಅಂತಿಮ ಉತ್ತರವನ್ನು ಎನ್‌ಸಿಇಆರ್‌ಟಿ ಪುಸ್ತಕದ ಹಿಂದಿರುವ ಉತ್ತರದೊಂದಿಗೆ ಹೋಲಿಸಬೇಕು. ಎರಡೂ ಬೇರೆಯಾದರೆ ಮರುದಿನ ಉಪನ್ಯಾಸಕರ ಹತ್ತಿರ ಒಯ್ಯಲಿ. ಸಂಕೋಚದ ಮಕ್ಕಳಿಗೆ "ಸರ್, ಇದು ಹೀಗೆ ಹೇಳ್ತಿದೆ, ಪುಸ್ತಕದಲ್ಲಿ ಹೀಗಿದೆ" ಎಂದು ಮಾತು ಶುರುಮಾಡುವುದು "ಅರ್ಥವಾಗಲಿಲ್ಲ ಸರ್" ಎನ್ನುವುದಕ್ಕಿಂತ ಸುಲಭ. ನಿಮಗೆ ಭೌತಶಾಸ್ತ್ರ ಬರದಿದ್ದರೂ ಈ ಕಟ್ಟಳೆ ಪಾಲಿಸುತ್ತಿದ್ದಾಳೆಯೇ ಎಂದು ನೋಡುವುದು ಕಷ್ಟವಲ್ಲ: ಹಾಳೆಯ ಮೇಲೆ ಹೊಡೆದುಹಾಕಿದ ಸಾಲುಗಳಿರಬೇಕು. ಕಾಟು ಗೀಟಿಲ್ಲದ ಅಚ್ಚುಕಟ್ಟಾದ ಲೆಕ್ಕ ಕಂಡರೆ ಕೇಳಿ. ಇನ್ನೊಂದು ಮಾತು, ಚಾಟ್‌ಜಿಪಿಟಿಯ ನಿಬಂಧನೆಯಂತೆ ಹದಿನೆಂಟು ತುಂಬದವರು ಪೋಷಕರ ಒಪ್ಪಿಗೆಯಿಂದ ಬಳಸಬೇಕು. ಅವಳ ಫೋಟೋ, ಆಧಾರ್, ಅಂಕಪಟ್ಟಿ, ಮನೆಯ ವಿಷಯಗಳು ಅದರೊಳಗೆ ಹೋಗಬಾರದು.

ಯಜಮಾನರ ಫೋನನ್ನೇ ಮಗಳೂ ಬಳಸುವುದರಿಂದ ಒಂದು ಎಚ್ಚರಿಕೆ. ಅದೇ ಫೋನಿನಲ್ಲಿ ಫೋನ್‌ಪೇ, ಗೂಗಲ್‌ಪೇ ಇರುತ್ತವೆ. ಆ ಆಪ್‌ಗಳಿಗೆ ಬೇರೆ ಲಾಕ್ ಹಾಕಿ. ಉಚಿತ ಲ್ಯಾಪ್‌ಟಾಪ್, ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂಬ ಸಂದೇಶಗಳು ಕಾಲೇಜು ಮಕ್ಕಳ ಗುಂಪುಗಳಲ್ಲಿ ಸದಾ ಓಡಾಡುತ್ತವೆ. ಕೊಂಡಿ ಒತ್ತುವ ಮೊದಲು ವಿಳಾಸದ ತುದಿ ನೋಡುವ ಅಭ್ಯಾಸ ಮಾಡಿಸಿ. ಸರ್ಕಾರದ ತಾಣವಾದರೆ ಮೊದಲ ಓರೆಗೆರೆಗೆ ಮುಂಚಿನ ಭಾಗ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯುತ್ತದೆ. ನಡುವೆ ಎಲ್ಲೋ ಕರ್ನಾಟಕ ಎಂದಿದ್ದರೆ ಸಾಲದು. ವಾಟ್ಸಾಪಿನಲ್ಲಿ ಬಂದ ಎಪಿಕೆ (ಒತ್ತಿದರೆ ಫೋನಿಗೆ ಆಪ್ ಸೇರಿಸುವ) ಕಡತವನ್ನು ಯಾವ ಕಾರಣಕ್ಕೂ ಹಾಕಿಕೊಳ್ಳಬಾರದು, ಅದು ಫೋನಿಗೆ ಬರುವ ಒಟಿಪಿಗಳನ್ನೇ ಓದಿ ಕಳಿಸಬಲ್ಲದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹೆಚ್ಚುಕಮ್ಮಿಯಾದರೆ 1930ಕ್ಕೆ ಕೂಡಲೇ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹೀಗಾಯಿತು ಎಂದು ಮಗಳು ಬಂದು ಹೇಳಿದರೆ ಆ ಕ್ಷಣ ಬೈಯಬೇಡಿ. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟ ಪ್ರಕರಣಗಳಲ್ಲೇ ಹಣ ಕೈತಪ್ಪಿದ್ದು ಹೆಚ್ಚು.

ಲ್ಯಾಪ್‌ಟಾಪ್ ಈಗ ಬೇಡ. ಪಿಯು ವಿಜ್ಞಾನಕ್ಕೆ ಅದಿಲ್ಲದೆ ನಡೆಯುತ್ತದೆ. ಐಚ್ಛಿಕ ವಿಷಯವಾಗಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದರೂ ಕಾಲೇಜಿನ ಲ್ಯಾಬ್ ಸಾಕು. ಜೆಇಇ ಮುಖ್ಯ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಅದನ್ನು ಬರೆಯುವ ಮನಸ್ಸಿದ್ದರೆ ಮೌಸ್ ಹಿಡಿದು ಅಣಕು ಪರೀಕ್ಷೆ ಬರೆದು ರೂಢಿಯಾಗಬೇಕು, ಅದನ್ನೂ ಲ್ಯಾಬಿನಲ್ಲಿ ಮಾಡಬಹುದು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಪಿಡಿಎಫ್ ಓದಲು ಅನುಕೂಲವಾಗುವ, ಮೆಮೊರಿ ಕಾರ್ಡ್ ಹಾಕಬಹುದಾದ ಒಂದು ಸಾಧಾರಣ ಟ್ಯಾಬನ್ನು ಪೂರ್ತಿ ಹಣ ಕೊಟ್ಟು ಅಂಗಡಿಯಿಂದಲೇ ತನ್ನಿ, ಕೋರ್ಸಿನ ಕಂತಿನ ಜೊತೆ ಬೇಡ. ಮಳೆಗಾಲಕ್ಕೆ ಅದರೊಂದಿಗೆ ಒಂದು ಪವರ್ ಬ್ಯಾಂಕ್ ಇರಲಿ. ಲ್ಯಾಪ್‌ಟಾಪಿನ ಮಾತು ದ್ವಿತೀಯ ಪಿಯುಸಿ ಮುಗಿದು ಅವಳು ಯಾವ ಕೋರ್ಸಿಗೆ ಸೇರುತ್ತಾಳೆ ಎಂದು ಗೊತ್ತಾದ ಮೇಲೆ. ಎಂಜಿನಿಯರಿಂಗ್‌ಗೆ ಬೇಕಾದ ಲ್ಯಾಪ್‌ಟಾಪೇ ಬೇರೆ, ಕೃಷಿ ಪದವಿಗೋ ಬಿಎಸ್ಸಿಗೋ ಅದಕ್ಕಿಂತ ಕಡಿಮೆ ಬೆಲೆಯದು ಸಾಕಾಗುತ್ತದೆ. ಟ್ಯಾಬ್ ಕಂಪನಿಯವರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಅಥವಾ ಎಲ್ಲಾದರೂ ಸಹಿ ಮಾಡಿದ್ದರೆ, ಆ ಕಾಗದದ ಫೋಟೋ ತೆಗೆದು ಇಂದೇ ಬ್ಯಾಂಕಿಗೆ ಹೋಗಿ ಯಜಮಾನರ ಖಾತೆಯಲ್ಲಿ ಹಣ ಕಡಿತಕ್ಕೆ ಒಪ್ಪಿಗೆ ನೋಂದಣಿಯಾಗಿದೆಯೇ ಎಂದು ಕೇಳಿ.